ಕಾಲೇಜಿನಲ್ಲಿ ಮಂದಿ ಕಡಿಮೆ, ಕಾರ್ಖಾನೆಗೆ ತರಬೇತಿ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗದಿಂದ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ಕಾಲೇಜಿನಲ್ಲಿ ನಾನು ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ನಮ್ಮ ವಿಭಾಗದಲ್ಲಿ ಕಾಯಂ ಇರುವವರು ಮೂವರು. ಉಳಿದ ಖುರ್ಚಿಗಳಲ್ಲಿ ಪ್ರತಿ ವರ್ಷ ಬೇರೆ ಮುಖ. ಆದರೂ ಆರು ವರ್ಷದಿಂದ ಇಲ್ಲಿನ ಫೌಂಡ್ರಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ), ಮೆಷಿನ್ ಶಾಪ್‌ಗಳ ಕೆಲಸಗಾರರಿಗೆ ಸಣ್ಣ ಸಣ್ಣ ತರಬೇತಿ ನಡೆಸುತ್ತ ಬಂದಿದ್ದೇವೆ. ಬಾಗಲಕೋಟೆ, ವಿಜಯಪುರ ಕಡೆಯ ಗೆಳೆಯರು ಫೋನಿನಲ್ಲಿ, ಪತ್ರದಲ್ಲಿ, ಜಾಸ್ತಿ ಅಂದರೆ ಮೌಲ್ಯಮಾಪನಕ್ಕೆ ಸೇರಿದಾಗ ಚಹಾದ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ನಮ್ಮಲ್ಲಿ ಇರೋದೇ ನಾಲ್ಕು ಮಂದಿ. ಸಿಲಬಸ್ ಮುಗಿಸೋದೇ ಕಷ್ಟ ಐತಿ. ಇದನ್ನ ಯಾಕ ಮೈಮ್ಯಾಲೆ ಎಳಕೋಬೇಕು?

ದುಡ್ಡಿಗಾಗಿ ಅಂತಿದ್ದರೆ ಎಳೆದುಕೊಳ್ಳಬೇಡಿ. ಮೊದಲ ವರ್ಷ ಚಹಾದ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ನಮಗೆ ಸಿಕ್ಕ ಲಾಭ ಬೇರೆ. ನಮ್ಮ ಹುಡುಗರಿಗೆ ಇಂಟರ್ನ್‌ಶಿಪ್ ಕೊಡಿ ಅಂತ ಬಾಗಿಲು ಬಾಗಿಲು ತಿರುಗುವುದು ನಿಂತಿತು. ಎರಡನೇ ಲಾಭ ನನಗೇ ಆದದ್ದು. ಹದಿನೈದು ವರ್ಷ ಬೋರ್ಡಿನ ಮೇಲೆ ಕಾಸ್ಟಿಂಗ್ (ಎರಕ) ದೋಷಗಳ ಚಿತ್ರ ಬರೆದಿದ್ದೆ. ಬ್ಲೋ ಹೋಲ್ (ಎರಕದೊಳಗೆ ಹಬೆ, ಗಾಳಿ ಮಾಡಿದ ತೂತು) ಬಿದ್ದ ನಿಜವಾದ ತುಂಡನ್ನು ಕೈಯಲ್ಲಿ ಹಿಡಿದದ್ದು ಈ ತರಬೇತಿ ಶುರುವಾದ ಮೇಲೆ. ಹೇಳಿಕೊಳ್ಳಲು ನಾಚಿಕೆ, ಆದರೆ ಸುಳ್ಳಲ್ಲ.

ಕಂಪನಿಯವ್ರು ನಮ್ಮ ಹತ್ರ ಯಾಕ ಬರ್ತಾರ? ಅವ್ರಿಗೆ ಗೊತ್ತಿದ್ದಷ್ಟು ನಮಗ ಗೊತ್ತಿಲ್ಲ.

ಅದು ನಿಜ. ಆ ಕೆಲಸ ನಿಮಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ಆದರೆ ಬರುವ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಲು ಅವರಿಗೆ ಹೊತ್ತಿಲ್ಲ. ದೊಡ್ಡ ಕಂಪನಿಗಳಲ್ಲಿ ತರಬೇತಿಗೆಂದೇ ವಿಭಾಗ ಇರುತ್ತದೆ, ಅಲ್ಲಿಗೆ ಹೋಗಬೇಡಿ. ಇಪ್ಪತ್ತರಿಂದ ಅರವತ್ತು ಮಂದಿ ಇರುವ ಕಾರ್ಖಾನೆಗೆ ಹೋಗಿ. ಅಲ್ಲಿ ಮಾಲೀಕರೇ ಎಚ್‌ಆರ್, ಮಾಲೀಕರೇ ಸೇಲ್ಸ್, ಡಿಸ್ಪ್ಯಾಚ್ ದಿನ ಟೆಂಪೊ ಕರೆಯುವವರೂ ಅವರೇ.

ನಮ್ಮ ಮೊದಲ ಬ್ಯಾಚಿನಲ್ಲಿ ಹನ್ನೆರಡು ಮಂದಿ ಇದ್ದರು. ಎಲ್ಲರೂ ದಿನಾ ವರ್ನಿಯರ್ (ದವಡೆಯಲ್ಲಿ ಹಿಡಿದು ಅಳೆಯುವ ಸಾಧನ) ಹಿಡಿಯುವವರೇ. ಒಂದು ಪಿನ್ನು (ದುಂಡನೆಯ ಸಣ್ಣ ಸರಳು) ಕೊಟ್ಟು, ವ್ಯಾಸ ಅಳೆದು ಚೀಟಿಯಲ್ಲಿ ಬರೆಯಿರಿ, ಪಕ್ಕದವನಿಗೆ ತೋರಿಸಬೇಡಿ ಅಂದೆ. ಚೀಟಿ ಬಿಡಿಸಿದರೆ 19.94 ರಿಂದ 20.08 ಮಿಮೀ ವರೆಗೆ ಏಳು ಬೇರೆ ಬೇರೆ ಉತ್ತರ. ಪಿನ್ನು ಒಂದೇ, ವರ್ನಿಯರೂ ಒಂದೇ. ಒಬ್ಬ ದವಡೆ ಬಿಗಿಯಾಗಿ ಒತ್ತುತ್ತಿದ್ದ, ಒಬ್ಬ ಓರೆ ಹಿಡಿಯುತ್ತಿದ್ದ. ಮೂವರು ಝೀರೊ ಎರರ್ (ದವಡೆ ಮುಚ್ಚಿದಾಗಲೂ ಸೊನ್ನೆ ತೋರಿಸದ ತಪ್ಪು) ನೋಡಿಯೇ ಇರಲಿಲ್ಲ. ಹಿಂದೆ ಕೂತಿದ್ದ ಸೂಪರ್‌ವೈಸರ್ ಎದ್ದು ಬಂದು ಚೀಟಿಗಳನ್ನು ಒಂದೊಂದಾಗಿ ಓದಿದರು. ಡ್ರಾಯಿಂಗಿನಲ್ಲಿ ಇದ್ದ ಟಾಲರನ್ಸ್, ಅಂದರೆ ಒಪ್ಪಬಹುದಾದ ಹೆಚ್ಚುಕಡಿಮೆ, 0.05 ಮಿಮೀ ಮಾತ್ರ. ಗಿರಾಕಿ ಮಾಲು ಯಾಕೆ ವಾಪಸ್ ಕಳಿಸುತ್ತಾನೆ ಅನ್ನುವುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಇಲ್ಲಿ ಕಾಲೇಜು ಹೊಸ ವಿದ್ಯೆ ಏನೂ ಕೊಡಲಿಲ್ಲ. ಒಂದು ಕೋಣೆ, ಒಂದು ಪಿನ್ನು, ತಪ್ಪು ಮಾಡಿದರೆ ಯಾರೂ ಬೈಯದ ಎರಡು ತಾಸು ಕೊಟ್ಟಿತು. ಕಾರ್ಖಾನೆಯಲ್ಲಿ ಈ ಮೂರನೆಯದು ಸಿಗುವುದಿಲ್ಲ.

ಯಾವ ವಿಷಯದಿಂದ ಶುರು ಮಾಡಬೇಕು? ಏನು ತರಬೇತಿ ಬೇಕು ಅಂತ ಕೇಳಿದರ 'ಏನಾದ್ರೂ ಮಾಡ್ರಿ ಸರ' ಅಂತಾರ.

ಹಾಗೆ ಕೇಳಿದರೆ ಹಾಗೇ ಹೇಳುತ್ತಾರೆ. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಕಳೆದ ತಿಂಗಳು ಯಾವ ಮಾಲು ವಾಪಸ್ ಬಂತು? ಯಾರು ರಜೆ ಹಾಕಿದರೆ ನಿಮ್ಮ ಕೆಲಸ ನಿಲ್ಲುತ್ತದೆ? ಎರಡನೆಯದಕ್ಕೆ ಉತ್ತರವಾಗಿ ಒಂದು ಹೆಸರು ಬರುತ್ತದೆ. ಆ ಮನುಷ್ಯ ಮಾಡುವ ಕೆಲಸವೇ ನಿಮ್ಮ ಮೊದಲ ಪಾಠ. ಅವನೇ ನಿಮ್ಮ ಮೊದಲ ಮೇಷ್ಟ್ರು.

ಊರಿನ ಕಸುಬನ್ನು ನೋಡಿಕೊಳ್ಳಿ. ಬೆಳಗಾವಿಯಲ್ಲಿ ಫೌಂಡ್ರಿ, ಮೆಷಿನಿಂಗ್, ಹೈಡ್ರಾಲಿಕ್ಸ್. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ. ಅಲ್ಲಿ ಅಳತೆಯಷ್ಟೇ ಕಾಗದವೂ ಮುಖ್ಯ, ಪ್ರತಿ ತುಂಡಿನ ಚರಿತ್ರೆ ಬರೆದಿಡಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ, ಸಿಮೆಂಟು, ರಬಕವಿ-ಬನಹಟ್ಟಿಯ ಪವರ್‌ಲೂಮ್. ವಿಜಯಪುರದಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಕೋಲ್ಡ್ ಸ್ಟೋರೇಜ್. ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರನ್ನೂ ಮಾತಾಡಿಸಿ ನೋಡಿ.

ನಮ್ಮದು ಬಿಎ, ಬಿಕಾಂ ಕಾಲೇಜು. ನಮಗ ಇದರಾಗ ಏನು ಕೆಲಸ?

ಬಹಳ ಇದೆ. ಕಾರ್ಖಾನೆಯಲ್ಲಿ ಲೇಥ್ ಮಾತ್ರ ಇರುವುದಿಲ್ಲ, ಆಫೀಸೂ ಇರುತ್ತದೆ. ಇ-ವೇ ಬಿಲ್, ಸ್ಟಾಕ್ ರಿಜಿಸ್ಟರ್, ಟ್ಯಾಲಿ, ಗಿರಾಕಿಗೆ ಬರೆಯುವ ಇಂಗ್ಲಿಷ್ ಪತ್ರ, ಇದೆಲ್ಲ ಒಬ್ಬ ಗುಮಾಸ್ತನ ತಲೆಯಲ್ಲೇ ನಡೆಯುತ್ತಿರುತ್ತದೆ. ಕೆಮಿಸ್ಟ್ರಿ ವಿಭಾಗ ಇದ್ದರೆ ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಬ್ರಿಕ್ಸ್ (ರಸದಲ್ಲಿ ಕರಗಿದ ಘನಾಂಶ), ಪೋಲ್ (ಸಕ್ಕರೆ ಅಂಶ) ತೆಗೆಯುವುದು, ನೀರಿನ ಪರೀಕ್ಷೆ ಕಲಿಸಬಹುದು.

ನನಗೆ ತುಂಬ ಇಷ್ಟವಾದದ್ದು ಕನ್ನಡ ವಿಭಾಗದವರು ಮಾಡಿದ ಕೆಲಸ. ಫೌಂಡ್ರಿಗಳಿಗೆ ಬಿಹಾರ, ಒಡಿಶಾ ಕಡೆಯಿಂದ ಬಹಳ ಹುಡುಗರು ಬರುತ್ತಾರೆ. ಸೂಪರ್‌ವೈಸರ್ ಕನ್ನಡ, ಮಿಸ್ತ್ರಿ ಮರಾಠಿ, ಹುಡುಗ ಭೋಜಪುರಿ. 'ಸರಿ', 'ಹಿಂದಕ್ಕ ಸರಿ', 'ಬಿಸಿ ಐತಿ, ಮುಟ್ಟಬ್ಯಾಡ' ಇಂಥ ನೂರು ಮಾತುಗಳನ್ನು ಹತ್ತು ತಾಸಿನಲ್ಲಿ ಕಲಿಸಿದರು. ಇದನ್ನು ಭಾಷೆಯ ಪಾಠ ಅನ್ನಿ, ಸೇಫ್ಟಿ ಪಾಠ ಅನ್ನಿ.

## ಮಂದಿ ಮತ್ತು ಹೊತ್ತು

ಪಾಠ ಮಾಡೋರು ಯಾರು ಸರ? ಅದನ್ನ ಮೊದಲ ಹೇಳ್ರಿ.

ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಕೆಲಸ ಬಲ್ಲವರು ಒಬ್ಬರು, ಪಾಠ ಬಲ್ಲವರು ಒಬ್ಬರು, ಹೀಗೆ ಜೋಡಿ ಮಾಡಿ. ನಿವೃತ್ತ ಫೋರ್‌ಮನ್‌ಗಳು ಪ್ರತಿ ಓಣಿಯಲ್ಲೂ ಇದ್ದಾರೆ. ಬೆಳಿಗ್ಗೆ ವಾಕಿಂಗ್ ಮುಗಿದ ಮೇಲೆ ಅವರಿಗೆ ದಿನ ಹೋಗುವುದಿಲ್ಲ. ಆದರೆ ಅವರನ್ನು ಹಾಗೇ ಕ್ಲಾಸಿಗೆ ನಿಲ್ಲಿಸಿದರೆ ಇಪ್ಪತ್ತು ನಿಮಿಷದಲ್ಲಿ ಎಲ್ಲಾ ಹೇಳಿ ಮುಗಿಸುತ್ತಾರೆ, ಆಮೇಲೆ ತಮ್ಮ ಕಾಲದ ಕಥೆ. ಅವರ ಕೈಯಲ್ಲಿರುವುದು ಮಾತಿಗೆ ಬರಬೇಕಾದರೆ ನೀವು ಪಕ್ಕದಲ್ಲಿ ಕೂಡಬೇಕು.

ನಮ್ಮ ಮರಳಿನ ಪಾಠ ಹುಟ್ಟಿದ್ದು ಹೀಗೆ. ಒಬ್ಬ ಹಿರಿಯ ಮೋಲ್ಡರ್ (ಎರಕಕ್ಕೆ ಮರಳಿನ ಅಚ್ಚು ಮಾಡುವವರು) ಮರಳಿನ ಗುಡ್ಡೆಯಿಂದ ಒಂದು ಮುಷ್ಟಿ ತೆಗೆದು ಒತ್ತಿದರು. ಬೆರಳು ಬಿಚ್ಚಿ, ಉಂಡೆಯನ್ನು ಎರಡು ತುಂಡು ಮಾಡಿ ಅಂಚು ನೋಡಿದರು. 'ನೀರು ಜಾಸ್ತಿ ಆಗೈತಿ' ಅಂದರು. ಹೆಂಗೆ ಗೊತ್ತಾಯಿತು ಅಂದರೆ, 'ಕೈಗೆ ಹತ್ತತೈತಲ್ಲ' ಅಂದರು. ಅದೇ ಮರಳನ್ನು ಲ್ಯಾಬಿಗೆ ತಂದು ಮಾಯಿಶ್ಚರ್ ಟೆಸ್ಟರ್‌ಗೆ ಹಾಕಿದೆವು. ಮೂರೂವರೆ ಪರ್ಸೆಂಟ್ ಹತ್ತಿರ ಇರಬೇಕಾದದ್ದು ಐದಕ್ಕೆ ಬಂದಿತ್ತು. ಆಮೇಲೆ ಬೇಕಂತಲೇ ಮೂರು, ನಾಲ್ಕು, ಐದು ಪರ್ಸೆಂಟಿನ ಮೂರು ಬುಟ್ಟಿ ಮರಳು ಮಾಡಿದೆವು. ಹುಡುಗರು ಮೊದಲು ಕೈಯಲ್ಲಿ ಹಿಡಿದು ಅಂದಾಜು ಹೇಳಬೇಕು, ಆಮೇಲೆ ಮೀಟರ್ ನೋಡಬೇಕು. ನೀರು ಜಾಸ್ತಿಯಾದರೆ ಕಾದ ಲೋಹ ತಾಗಿದಾಗ ಹಬೆ ಹೊರಗೆ ಹೋಗಲಾಗದೆ ಒಳಗೇ ತೂತು ಮಾಡುತ್ತದೆ ಅನ್ನುವುದನ್ನು ನಾನು ಹೇಳಿದೆ. ಅಷ್ಟೇ ನನ್ನ ಪಾಲು. ಮೋಲ್ಡರ್ ಕಾಕಾ ಹದಿನೈದು ತಾಸು ಕಲಿಸಿದರು, ನಾನು ಹತ್ತು, ಲ್ಯಾಬ್ ಇನ್‌ಸ್ಟ್ರಕ್ಟರ್ ಐದು.

ಅನುಭವಿಗಳನ್ನು ಇನ್ನೂ ಗಟ್ಟಿಯಾಗಿ ಒಳಗೆ ತರಬೇಕು ಅಂದರೆ ಯುಜಿಸಿ 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ನೋಡಿ. ಕನಿಷ್ಠ 15 ವರ್ಷದ ಅನುಭವ ಇರಬೇಕು, ಪದವಿ ಕಡ್ಡಾಯ ಅಲ್ಲ. ಮಂಜೂರಾದ ಹುದ್ದೆಗಳ ಶೇ 10 ಮೀರಬಾರದು, ಒಟ್ಟು ನಾಲ್ಕು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅದು ದೊಡ್ಡ ಸ್ಥಾನದಲ್ಲಿ ಇದ್ದವರನ್ನು ನೆನೆದು ಬರೆದದ್ದು. ನಮ್ಮ ಮೋಲ್ಡರ್ ಕಾಕಾಗೆ ಅಷ್ಟು ಫೈಲ್ ಯಾಕೆ? ತಾಸಿಗಿಷ್ಟು ಅಂತ ಗೌರವಧನ ಕೊಡಿ, ಸಾಕು.

ಅತಿಥಿ ಉಪನ್ಯಾಸಕರ ಕಡೆಯಿಂದ ಮಾಡಿಸಬಹುದಲ್ಲಾ?

ಮಾಡಿಸಬಹುದು, ಆದರೆ ಬೇರೆ ಸಂಭಾವನೆ ಕೊಟ್ಟು, ಬರೆದು ಕೊಟ್ಟು. 'ಸ್ವಲ್ಪ ಸಂಜಿ ಕೂತು ಹೋಗ್ರಿ' ಅಂತ ಬಿಟ್ಟಿ ದುಡಿಸಬೇಡಿ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಅಂಜಿಕೆಯಲ್ಲಿ ಅವರು ಇಲ್ಲ ಅನ್ನುವುದಿಲ್ಲ. ಆ ಅಂಜಿಕೆಯ ಲಾಭ ತೆಗೆದುಕೊಳ್ಳುವುದು ನಮ್ಮ ಕಡೆ ಎಷ್ಟು ಸಹಜ ಆಗಿದೆ ಅಂದರೆ ಯಾರಿಗೂ ಅದು ತಪ್ಪು ಅನ್ನಿಸುವುದೇ ಇಲ್ಲ.

ಯಾವ ತಿಂಗಳು, ಎಷ್ಟು ಹೊತ್ತಿಗೆ ಇಡಬೇಕು? ನಾವು ಕರೆದಾಗ ಯಾರೂ ಬರಲಿಲ್ಲ.

ಕಾಲೇಜಿನ ಟೈಮ್‌ಟೇಬಲ್ ಪಕ್ಕಕ್ಕಿಟ್ಟು ಊರಿನ ಕ್ಯಾಲೆಂಡರ್ ನೋಡಿ. ಸಕ್ಕರೆ ಕಾರ್ಖಾನೆ ಅಕ್ಟೋಬರ್-ನವೆಂಬರಿಗೆ ಕಬ್ಬು ನುರಿಸಲು ಶುರು ಮಾಡಿದರೆ ಮಾರ್ಚ್ ಆಸುಪಾಸು ಬರುವ ತನಕ ಉಸಿರಾಡಲು ಬಿಡುವಿಲ್ಲ. ಅವರ ತರಬೇತಿ ಆಫ್ ಸೀಸನ್‌ನಲ್ಲಿ, ರಿಪೇರಿ ನಡೆಯುವ ತಿಂಗಳುಗಳಲ್ಲಿ ಇಡಿ. ಗಿರಣಿ ಬಿಚ್ಚಿ ಇಟ್ಟಿರುತ್ತಾರೆ, ತೋರಿಸಿ ಕಲಿಸಲು ಅದಕ್ಕಿಂತ ಒಳ್ಳೆಯ ಮಾಡೆಲ್ ಯಾವ ಲ್ಯಾಬಿನಲ್ಲೂ ಇಲ್ಲ. ತಿಕೋಟಾ ಕಡೆ ದ್ರಾಕ್ಷಿಯವರಿಗೆ ಅಕ್ಟೋಬರಿನ ಚಾಟನಿ (ಬಳ್ಳಿ ಕತ್ತರಿಸುವುದು), ಫೆಬ್ರುವರಿ-ಮಾರ್ಚಿನ ಕೊಯ್ಲು ತಪ್ಪಿಸಿ. ಬೆಳಗಾವಿಯಲ್ಲಿ ಗಣಪತಿ ಕೂತ ಹನ್ನೊಂದು ದಿನ ಏನೂ ಇಡಬೇಡಿ. ಸವದತ್ತಿ ಯಲ್ಲಮ್ಮನ ಭಾರತ ಹುಣ್ಣಿಮೆಯ ವಾರವೂ ಅಷ್ಟೆ.

ದಿನಕ್ಕೆ ಎರಡು ತಾಸು, ವಾರಕ್ಕೆ ಮೂರು ದಿನ, ಐದು ವಾರ. ಒಟ್ಟು 30 ತಾಸು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ ಹಿಡಿಯುವ ಲೆಕ್ಕವೂ 30 ತಾಸೇ, ಹಾಗಾಗಿ ಮುಂದೆ ಮಾನ್ಯತೆಗೆ ಹೋದರೂ ಅಳತೆ ಸರಿ ಕೂಡುತ್ತದೆ. ಮೂವರು ಹಂಚಿಕೊಂಡರೆ ಕಾಲೇಜಿನ ಮೇಷ್ಟ್ರಿಗೆ ವಾರಕ್ಕೆ ಬೀಳುವುದು ಎರಡು ತಾಸು. ಹೊತ್ತು ಮೊದಲ ಪಾಳಿ ಬಿಟ್ಟ ಮೇಲೆ, ಮನೆಗೆ ಹೋಗುವ ಮುಂಚೆ. ಮನೆಗೆ ಹೋದವನು ವಾಪಸ್ ಬರುವುದಿಲ್ಲ.

ಒಣದ್ರಾಕ್ಷಿ ಆರಿಸುವ, ಗ್ರೇಡ್ ಮಾಡುವ ಹೆಣ್ಣುಮಕ್ಕಳಿಗೆ ಸಂಜೆ ಹೊತ್ತು ಆಗುವುದೇ ಇಲ್ಲ. ಅವರು ಕೆಲಸ ಮಾಡುವ ಶೆಡ್ಡಿಗೇ ನೀವು ಹೋಗಬೇಕು, ಹೋದ ಹೊತ್ತಿಗೂ ಕೂಲಿ ಕಡಿಯಬಾರದು ಅಂತ ಮೊದಲೇ ಮಾತಾಡಿಕೊಳ್ಳಬೇಕು.

ನಮ್ಮ ಲ್ಯಾಬಿನ ಮೆಷಿನ್ ನೋಡಿದರ ನಗ್ತಾರ್ರೀ.

ನಗಲಿ ಬಿಡಿ. ಅಳತೆ, ಡ್ರಾಯಿಂಗ್ ಓದುವುದು, ಲೆಕ್ಕ, ಸೇಫ್ಟಿ ಇವಕ್ಕೆ ಹೊಸ ಮೆಷಿನ್ ಬೇಕಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಬೇಕಾದಾಗ ಕಾರ್ಖಾನೆಯ ಮೆಷಿನ್ ಮೇಲೇ ಕಲಿಸಿ. ಟೂಲ್ ಅಂಡ್ ಡೈ ಮಟ್ಟದ ಕೆಲಸಕ್ಕೆ ಬೆಳಗಾವಿಯಲ್ಲೇ ಸರ್ಕಾರದ ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಅಲ್ಲಿಗೆ ಕಳಿಸಿ.

## ದುಡ್ಡು ಮತ್ತು ಕಾಗದ

ಫೀ ತಗೋಬೇಕೋ, ಪುಗಸಟ್ಟೆ ಮಾಡಬೇಕೋ?

ತೆಗೆದುಕೊಳ್ಳಿ. ನಾವು ಒಂದು ಬ್ಯಾಚ್ ಪುಗಸಟ್ಟೆ ಮಾಡಿ ನೋಡಿದೆವು. ಹದಿನಾಲ್ಕು ಮಂದಿ ಹೆಸರು ಕೊಟ್ಟರು, ಎರಡನೇ ವಾರಕ್ಕೆ ಉಳಿದವರು ಐದು. ಅರ್ಜೆಂಟ್ ಮಾಲು ಬಂತು ಅಂದರೆ ಮಾಲೀಕರು ಮೊದಲು ಎಬ್ಬಿಸುವುದು ಬಿಟ್ಟಿ ಕ್ಲಾಸಿನಲ್ಲಿ ಕೂತವರನ್ನೇ. ಫೀ ಕಟ್ಟಿದ ಮೇಲೆ ಅದೇ ಮಾಲೀಕರು 'ಇವತ್ತ ಯಾಕ ಹೋಗಿಲ್ಲ' ಅಂತ ಗದರಿಸತೊಡಗಿದರು.

ಲೆಕ್ಕ ಹಾಕುವ ಬಗೆಗೆ ಒಂದು ಮಾದರಿ ಕೊಡುತ್ತೇನೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಫೋರ್‌ಮನ್‌ಗೆ 15 ತಾಸು, ತಾಸಿಗೆ 500 ರೂಪಾಯಿಯಂತೆ 7,500. ಮೇಷ್ಟ್ರಿಗೆ 10 ತಾಸು, 600ರಂತೆ 6,000. ಇನ್‌ಸ್ಟ್ರಕ್ಟರ್‌ಗೆ 5 ತಾಸು, 300ರಂತೆ 1,500. ಸಾಮಾನು 4,000. ಹನ್ನೆರಡು ಮಂದಿಗೆ ಹದಿನೈದು ದಿನ ಚಹಾ, ಚುರುಮುರಿ 2,700. ಪ್ರಿಂಟು, ಸರ್ಟಿಫಿಕೇಟು 1,300. ಒಟ್ಟು 23,000. ಕರೆಂಟು, ಸಿಪಾಯಿ, ಕೋಣೆ ಅಂತ ಕಾಲೇಜಿಗೆ ಶೇ 20 ಸೇರಿಸಿದರೆ 27,600. ತಲೆಗೆ 2,300. ಸಿಪಾಯಿಯ ಓವರ್‌ಟೈಮ್ ಮರೆಯಬೇಡಿ. ಬಾಗಿಲು ತೆಗೆಯುವವನು ಸಿಟ್ಟಾದರೆ ತರಬೇತಿ ಮುಗಿದಂತೆ.

ಜಿಎಸ್‌ಟಿ ಬರ್ತದೇನು?

ಪದವಿ, ಡಿಪ್ಲೊಮಾ ಪಾಠಕ್ಕೆ ಇರುವ ವಿನಾಯಿತಿ ಕಂಪನಿಯ ಕೆಲಸಗಾರರಿಗೆ ಕೊಡುವ ತರಬೇತಿಗೆ ತಾನಾಗಿಯೇ ಬರುವುದಿಲ್ಲ. ಇಂಥ ತರಬೇತಿಗೆ ಸಾಮಾನ್ಯವಾಗಿ ಶೇ 18. ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ಆದರೆ ಮಿತಿ ಲೆಕ್ಕ ಹಾಕುವುದು ಇಡೀ ಸಂಸ್ಥೆಗೆ, ನಿಮ್ಮ ವಿಭಾಗಕ್ಕಲ್ಲ. ಆಡಿಟರ್‌ಗೆ ಒಂದು ಫೋನ್ ಮಾಡಿ, ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆ.

ಎಂಒಯು ಮಾಡ್ಕೋಬೇಕಾ?

ಎಂಒಯು ಅಂದರೆ ಕಾಲೇಜು, ಕಂಪನಿ ನಡುವಿನ ಒಡಂಬಡಿಕೆ ಪತ್ರ. ಫೋಟೊಗೆ ಬೇಕಾದರೆ ಮಾಡಿಕೊಳ್ಳಿ. ಶಾಲು, ಹೂಗುಚ್ಛ, ನ್ಯಾಕ್ (ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ) ಫೈಲಿಗೆ ಒಂದು ಹಾಳೆ. ಇಂಥ ಎಂಒಯುಗಳು ನಮ್ಮ ಬೀರುವಿನಲ್ಲೂ ಹನ್ನೊಂದಿವೆ, ಅದರಲ್ಲಿ ಎರಡು ಮಾತ್ರ ಜೀವ ಹಿಡಿದಿವೆ. ಕೆಲಸಕ್ಕೆ ಬೇಕಾದದ್ದು ಬೇರೆ, ಒಂದು ಪುಟದ ಪತ್ರ: ಎಷ್ಟು ಮಂದಿ, ಯಾವ ದಿನ, ಎಲ್ಲಿ, ಹಾಜರಿಯ ಹೊತ್ತಿಗೆ ಸಂಬಳ ಉಂಟೋ ಇಲ್ಲವೋ, ಗಾಯ ಆದರೆ ಯಾರ ಹೊಣೆ, ಮಧ್ಯದಲ್ಲಿ ನಿಂತರೆ ದುಡ್ಡು ಏನಾಗುತ್ತದೆ. ಗಾಯದ ಸಾಲು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ. ಅದನ್ನೇ ಮೊದಲು ಬರೆಯಿರಿ.

ಅಪ್ರೆಂಟಿಸ್ ಯೋಜನೆಗೂ ಇದಕ್ಕೂ ಏನು ಸಂಬಂಧ?

ಎರಡೂ ಬೇರೆ. ಅಪ್ರೆಂಟಿಸ್ ಅಂದರೆ 1961ರ ಕಾಯ್ದೆಯಡಿ ಕರಾರು ಮಾಡಿಕೊಂಡು, ಸ್ಟೈಪೆಂಡ್ ಪಡೆದು, ಕೆಲಸದ ಜಾಗದಲ್ಲೇ ಕಲಿಯುವವನು. 30 ಮತ್ತು ಅದಕ್ಕಿಂತ ಜಾಸ್ತಿ ಮಂದಿ ಇರುವ ಕಡೆ, ಗುತ್ತಿಗೆಯವರೂ ಸೇರಿ, ಶೇ 2.5 ರಿಂದ 15 ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ 29 ಮಂದಿ ಇದ್ದರೆ ಐಚ್ಛಿಕ. ಸ್ಟೈಪೆಂಡಿನ ಒಂದು ಪಾಲನ್ನು ಕೇಂದ್ರ ಸರ್ಕಾರ ಕೊಡುವ ಎನ್‌ಎಪಿಎಸ್ ಯೋಜನೆ 2016ರಲ್ಲಿ ಶುರುವಾಯಿತು. ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಎನ್‌ಎಟಿಎಸ್ ಅನ್ನುವ ಅಪ್ರೆಂಟಿಸ್ ಯೋಜನೆ ಇದೆ.

ನಿಮಗೆ ಇದರಲ್ಲಿ ಎಲ್ಲಿ ಜಾಗ ಅಂದರೆ, ಸಣ್ಣ ಮಾಲೀಕರಲ್ಲಿ ಬಹಳ ಮಂದಿಗೆ ಪೋರ್ಟಲ್‌ನಲ್ಲಿ ಹೆಸರು ಹಾಕುವುದೇ ತಲೆನೋವು. ಒಬ್ಬ ಕ್ಲಾರ್ಕ್ ಅರ್ಧ ದಿನ ಕೂತು ಅದನ್ನು ಮಾಡಿಕೊಟ್ಟರೆ, ನಾಳೆ ಅಪ್ರೆಂಟಿಸ್ ಬೇಕಾದಾಗ ಅವರು ನೋಡುವುದು ನಿಮ್ಮ ಹುಡುಗರನ್ನೇ.

## ಒಂದೆರಡು ಬ್ಯಾಚ್ ಆದ ಮೇಲೆ

ನಮ್ಮ ಕಾಲೇಜಿನ ಸರ್ಟಿಫಿಕೇಟಿಗೆ ಏನು ಬೆಲಿ?

ನೀವು ಕೊಟ್ಟ ಕಾಗದ ಲೈಸೆನ್ಸ್ ಅಲ್ಲ. ಬಾಯ್ಲರ್ ಅಟೆಂಡೆಂಟ್, ವೈರ್‌ಮನ್ ಇಂಥವಕ್ಕೆ ಸರ್ಕಾರದ ಪರೀಕ್ಷೆಯೇ ಆಗಬೇಕು. ನೀವು ಆ ಪರೀಕ್ಷೆಗೆ ತಯಾರು ಮಾಡಬಹುದು, ಅಷ್ಟೆ. ಇದನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿಬಿಡಿ. ಬಂಗಾರದ ಅಂಚಿನ ಸರ್ಟಿಫಿಕೇಟಿಗಿಂತ, 'ಈತ 0.02 ಮಿಮೀ ವರ್ನಿಯರಿನಲ್ಲಿ ಅಳೆಯಬಲ್ಲ, ಝೀರೊ ಎರರ್ ಕಳೆಯಬಲ್ಲ, ರಿಜೆಕ್ಷನ್ ಟ್ಯಾಗ್ ಬರೆಯಬಲ್ಲ' ಅಂತ ಕನ್ನಡದಲ್ಲಿ ಬರೆದ ಸಣ್ಣ ಕಾರ್ಡು ಜಾಸ್ತಿ ಕೆಲಸಕ್ಕೆ ಬರುತ್ತದೆ. ಓದುವ ಸೂಪರ್‌ವೈಸರ್‌ಗೆ ಬೇಕಾದದ್ದು ಅದೇ.

ಕಲಿತ ಮ್ಯಾಲೆ ಹುಡುಗರು ಪುಣೆಕ್ಕ ಹೋಗ್ತಾರ ಅಂತ ಮಾಲೀಕರು ಹೆದರ್ತಾರ. ಏನು ಹೇಳೋದು?

ಹೋಗುವವರು ಕಲಿಯದಿದ್ದರೂ ಹೋಗುತ್ತಾರೆ. ಕೊಲ್ಹಾಪುರ, ಗೋವಾ ಬೆಳಗಾವಿಗೆ ಹತ್ತಿರ, ಪುಣೆಯೂ ತೀರ ದೂರವಲ್ಲ. ಬನಹಟ್ಟಿಯ ನೇಕಾರನಿಗೆ ಇಚಲಕರಂಜಿ ದೂರವಲ್ಲ. ತಡೆಯುವುದು ಸಂಬಳ ಮತ್ತು ಮರ್ಯಾದೆ, ತರಬೇತಿ ಅಲ್ಲ. ಮೂರು-ನಾಲ್ಕು ಕಾರ್ಖಾನೆಯವರು ಸೇರಿ ಒಂದೇ ಬ್ಯಾಚಿಗೆ ಮೂರು ಮೂರು ಮಂದಿ ಕಳಿಸಿದರೆ ಈ ಅಂಜಿಕೆ ಸ್ವಲ್ಪ ಇಳಿಯುತ್ತದೆ, ಒಬ್ಬರೇ ಖರ್ಚು ಹಾಕಿದ ಸಂಕಟ ಇರುವುದಿಲ್ಲ.

ಒಂದು ವಿಷಯದಲ್ಲಿ ಬಗ್ಗಬೇಡಿ. ಬಾಂಡ್ ಬರೆಸಿಕೊಂಡು, ಹುಡುಗರ ಮೂಲ ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿ ಇಟ್ಟುಕೊಳ್ಳಿ ಅಂತ ಒಬ್ಬ ಮಾಲೀಕರು ನಮ್ಮನ್ನು ಕೇಳಿದ್ದರು. ಆಗಲ್ಲ ಅಂದೆವು. ಆ ಬ್ಯಾಚ್ ಹೋಯಿತು. ಹೋಗಲಿ.

ಉಪಯೋಗ ಆಯ್ತು ಅಂತ ತೋರಸೋದು ಹ್ಯಾಂಗ?

'ತರಬೇತಿ ಹೇಗಿತ್ತು' ಅನ್ನುವ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಎಲ್ಲರೂ 'ಉತ್ತಮ' ಅಂತಲೇ ಬರೆಯುತ್ತಾರೆ, ಅದು ಕೆಲಸಕ್ಕೆ ಬಾರದು. ಮೊದಲ ದಿನ ಮಾಡಿಸಿದ ಕೆಲಸವನ್ನೇ ಕೊನೆಯ ದಿನವೂ, ಮತ್ತೆ ಎರಡು ತಿಂಗಳ ಮೇಲೆ ಕಾರ್ಖಾನೆಯಲ್ಲೂ ಮಾಡಿಸಿ. ನಾವು ಅಳತೆಯ ಚೀಟಿಗಳನ್ನು ದಿನಾಂಕ ಹಾಕಿ ಇಟ್ಟಿದ್ದೇವೆ. ರಿಜೆಕ್ಷನ್ ಇಳಿಯಿತು ಅಂತ ಜಂಬ ಕೊಚ್ಚುವ ಮುಂಚೆ ಮಾತ್ರ ಎಚ್ಚರ. ಒಂದು ಫೌಂಡ್ರಿಯಲ್ಲಿ ಇಳಿದಿತ್ತು, ನಾವು ಹಿಗ್ಗಿದ್ದೆವು. ಆಮೇಲೆ ನೋಡಿದರೆ ಅದೇ ತಿಂಗಳು ಅವರು ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಕೂಡ ಬದಲಿಸಿದ್ದರು. ನಮ್ಮ ಪಾಲು ಎಷ್ಟು, ಪ್ಯಾಟರ್ನಿನ ಪಾಲು ಎಷ್ಟು, ಬಿಡಿಸಲು ಬರಲಿಲ್ಲ.

ಬೇಡಿಕೆ ಜಾಸ್ತಿ ಆದರ ಏನು ಮಾಡೋದು?

ಬೇಡ ಅನ್ನಿ. ಮೂರು ವಾರದಲ್ಲಿ ಅರವತ್ತು ವೆಲ್ಡರ್ ತಯಾರು ಮಾಡಿಕೊಡಿ ಅಂದವರಿಗೆ ನಾವು ಐಟಿಐ ದಾರಿ ತೋರಿಸಿದೆವು. ಸಕ್ಕರೆ ತಂತ್ರಜ್ಞಾನದ ಆಳದ ವಿಷಯ ಬಂದರೆ ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ದ್ರಾಕ್ಷಿ, ಒಣದ್ರಾಕ್ಷಿಗೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ. ಜಮಖಂಡಿ, ಮುಧೋಳದ ಕಾಲೇಜುಗಳು ಮಂದಿ ಹಂಚಿಕೊಂಡು ಒಂದೇ ಬ್ಯಾಚ್ ನಡೆಸಲೂಬಹುದು, ಪ್ರಾಂಶುಪಾಲರಿಬ್ಬರೂ ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಅನ್ನುವುದನ್ನು ಬಗೆಹರಿಸಿಕೊಂಡರೆ. ನಮ್ಮ ಲೆಕ್ಕ, ವರ್ಷಕ್ಕೆ ನಾಲ್ಕು ಬ್ಯಾಚ್. ಐದನೆಯದು ಹಿಡಿದ ವರ್ಷ ಡಿಪ್ಲೊಮಾ ಹುಡುಗರ ಎರಡು ಪ್ರಾಕ್ಟಿಕಲ್ ತಪ್ಪಿದವು. ಅವರು ಫೀ ಕಟ್ಟಿದ ಮಕ್ಕಳು, ಅಲ್ವಾ?

ನಡಸೋ ಮೇಷ್ಟ್ರು ವರ್ಗ ಆದರು ಅಂದರ? ನಮ್ಮಲ್ಲಿ ಹಂಗ ಆಗಿ ಎಲ್ಲಾ ನಿಂತತು.

ಎಲ್ಲಾ ಕಡೆ ಆಗುವುದೇ ಇದು. ಮೊದಲ ಬ್ಯಾಚಿನಿಂದಲೇ ಒಂದು ಬಾಕ್ಸ್ ಫೈಲ್ ಇಡಿ. ಅದರಲ್ಲಿ ಹದಿನೈದು ದಿನದ ಪಾಠದ ಟಿಪ್ಪಣಿ, ಖರ್ಚಿನ ಹಾಳೆ, ಕಾರ್ಖಾನೆಗೆ ಬರೆದ ಪತ್ರದ ಪ್ರತಿ, ಫೋರ್‌ಮನ್‌ಗಳ ಹೆಸರು ಮತ್ತು ಅವರಿಗೆ ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ ಅನ್ನುವುದು, ಅಳತೆಯ ಚೀಟಿಗಳು. ಪಿನ್ನನ್ನೂ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅದರಲ್ಲೇ ಇಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿದು ಅಳತೆಯೇ ಬದಲಾಗುತ್ತದೆ. ಫೈಲ್ ಇರುವ ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನುವುದನ್ನು ಆಫೀಸಿನ ರಿಜಿಸ್ಟರಿನಲ್ಲಿ ಬರೆಸಿ. ನಮ್ಮದು ಒಮ್ಮೆ ನಾಲ್ಕು ತಿಂಗಳು ಸಿಕ್ಕಿರಲಿಲ್ಲ.